ಫೋಟೋ ನೋಡಿ ಕಡಲತೀರ ಆರಿಸಬೇಡಿ

ಬೆಳಿಗ್ಗೆ ಮತ್ತೊಬ್ಬ ಗೆಳೆಯ ಫೋಟೋ ಕಳಿಸಿದ. ನೀಲಿ ನೀರು, ಬಿಳಿ ಮರಳು, ಮಧ್ಯೆ ಒಂದು ಉಯ್ಯಾಲೆ. 'ಬೇಸಿಗೆ ರಜೆಗೆ ಮಕ್ಕಳ ಜೊತೆ ಬರ್ತಿದ್ದೀವಿ, ಇದೇ ಜಾಗ ಅಂತ ತೀರ್ಮಾನ ಆಗಿದೆ, ಹೇಗಿದೆ?' ಅಂತ ಕೇಳಿದ. ಈ ವಾರ ಇದು ಮೂರನೆಯದು. ಸಿಟ್ಟು ಬಂತು, ಬಂದಿದ್ದನ್ನು ಹೇಳಿಯೂ ಬಿಟ್ಟೆ. ರೂಮಿನಿಂದ ಕಡಲು ಕಾಣುತ್ತಾ ಅಂತ ಎಲ್ಲರೂ ಕೇಳುತ್ತಾರೆ, ಆ ಕಡಲಿಗೆ ಇಳಿಯಬಹುದಾ ಅಂತ ಒಬ್ಬರೂ ಕೇಳುವುದಿಲ್ಲ.

ದಡ ಎಷ್ಟು ಇಳಿಜಾರಾಗಿದೆ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ನುಣ್ಣನೆ ಮರಳಿದ್ದರೆ ದಡ ಚಪ್ಪಟೆಯಾಗಿರುತ್ತದೆ, ಮಕ್ಕಳು ತುಂಬ ದೂರ ಹೋದರೂ ನೀರು ಮೊಣಕಾಲು ದಾಟುವುದಿಲ್ಲ. ಉರುಟು ಮರಳು, ಬೆಣಚುಕಲ್ಲು ಇದ್ದಲ್ಲಿ ದಡ ಕಡಿದಾಗಿರುತ್ತದೆ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದೆಮಟ್ಟ ನೀರು, ಅಲೆ ಬಂದು ಕಾಲಬುಡದಲ್ಲೇ ಒಡೆಯುತ್ತದೆ.

ಸೆಳೆತ ಅಂತೂ ಫೋಟೋದಲ್ಲಿ ಇನ್ನೂ ಚಂದ ಕಾಣುತ್ತದೆ! ದಡಕ್ಕೆ ಬಂದ ಅಲೆಗಳ ನೀರು ಎಲ್ಲೋ ಒಂದು ಕಿರಿದಾದ ದಾರಿ ಹಿಡಿದು ವಾಪಸ್ ಹೋಗಬೇಕಲ್ವಾ, ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ. ನೋಡಿದವರಿಗೆ ಅದೇ ಶಾಂತ ನೀರು ಅನ್ನಿಸುತ್ತದೆ, ಅಲ್ಲೇ ಇಳಿಯುತ್ತಾರೆ. ಜೋರಾದ ಸೆಳೆತ ಸೆಕೆಂಡಿಗೆ 2 ಮೀಟರ್‌ಗೂ ಜಾಸ್ತಿ ಎಳೆಯಬಹುದು. ಯಾವ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರ.

ನಾನೂ ಒಮ್ಮೆ ಇಂಥ ಶಾಂತ ನೀರಿಗೆ ಇಳಿದಿದ್ದೆ. ದಡದ ಕಡೆಗೆ ಕೈಸೋಲುವವರೆಗೆ ಈಜಿದೆ, ದಡ ಮಾತ್ರ ಹಿಂದೆ ಹಿಂದೆ ಹೋಗುತ್ತಿತ್ತು. ಯಾರೋ 'ಪಕ್ಕಕ್ಕೆ, ಪಕ್ಕಕ್ಕೆ' ಅಂತ ಕೂಗಿದರು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಓರೆಯಾಗಿ ಬಂದು ಮರಳು ಮುಟ್ಟಿದೆ. ಮನೆಯವರಿಗೆ ಇದನ್ನು ಎಷ್ಟೋ ವರ್ಷ ಹೇಳಿರಲಿಲ್ಲ.

'ನಾವು ನೀರಿಗೆ ಇಳಿಯಲ್ಲ, ಸುಮ್ನೆ ದಡದಲ್ಲಿ ಕೂರ್ತೀವಿ' ಅನ್ನುತ್ತಾರೆ. ನೀವು ಕೂರಬಹುದು. ಮಕ್ಕಳು ಕೂರುತ್ತಾರಾ? ಪಾದ ನೆನೆಸಲು ಹೋದವರು ಅರ್ಧ ಗಂಟೆಯಲ್ಲಿ ಸೊಂಟದವರೆಗೆ ಹೋಗಿರುತ್ತಾರೆ, ಇದನ್ನು ನಾನು ಎಷ್ಟು ಸಲ ನೋಡಿಲ್ಲ! ಸುಮ್ನೆ ಕೂರುತ್ತೀರಾದರೂ ಉಬ್ಬರದ ಹೊತ್ತು ತಿಳಿದುಕೊಂಡು ಹೋಗಿ. ಬಂಡೆಗಳ ನಡುವಿನ ಪುಟ್ಟ ತೀರದಲ್ಲಿ ಉಬ್ಬರ ಬಂದಾಗ ಕೂರಲು ಮರಳೇ ಉಳಿಯುವುದಿಲ್ಲ, ಹೊರಗೆ ಬರುವ ದಾರಿಯೂ ಮುಚ್ಚಿಹೋಗಬಹುದು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇನ್ನೂ ಜಾಸ್ತಿ. ಆ ಫೋಟೋ ಇಳಿತದ ಹೊತ್ತಿನಲ್ಲಿ ತೆಗೆದಿದ್ದಾಗಿರಬಹುದು.

ಹಾಗಾಗಿ ನನ್ನನ್ನು ಕೇಳಿದರೆ ಮೊದಲ ಪ್ರಶ್ನೆ ಒಂದೇ: ಅಲ್ಲಿ ಲೈಫ್‌ಗಾರ್ಡ್ ಇದ್ದಾರಾ? ಇದ್ದರೆ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ಬೇಡ. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ರೂಮು, ಊಟ, ಉಯ್ಯಾಲೆ ಎಲ್ಲ ಆಮೇಲೆ.

ಈಗಷ್ಟೇ ಗೆಳೆಯನ ಮೆಸೇಜ್ ಬಂತು. ವಿಚಾರಿಸಿದನಂತೆ, ಅಲ್ಲಿ ಲೈಫ್‌ಗಾರ್ಡ್ ಇಲ್ಲವಂತೆ, ಬೇರೆ ಜಾಗ ಹುಡುಕುತ್ತಿದ್ದಾನೆ. ಉಳಿದ ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ. ಇದನ್ನು ಓದುತ್ತಿದ್ದರೆ ದಯವಿಟ್ಟು ಫೋನ್ ಮಾಡಿ.