ರೆಕ್ಕೆ ಬಂದ ಸ್ವಿಫ್ಟ್

ಸ್ವಿಫ್ಟ್ ಕಾರನ್ನು ರೇಸ್ ಕಾರು ಮಾಡಹೊರಟವರಿಗೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ರೆಕ್ಕೆ, ಅಂದರೆ ಸ್ಪಾಯ್ಲರ್, ಸಿಗುತ್ತದೆ. ಒಳಗೆ ಫೈಬರ್, ಮೇಲೆ ಕಾರ್ಬನ್ ಸ್ಟಿಕ್ಕರ್. ಹಿಂಬಾಗಿಲಿಗೆ ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದರಾಯಿತು. ತೂತಿನ ಅಂಚಿಗೆ ಪ್ರೈಮರ್ ಬಳಿಯಲು ಮರೆತರೆ ಮುಂದಿನ ಮಳೆಗಾಲಕ್ಕೆ ತುಕ್ಕು ಉಚಿತ. ರೆಕ್ಕೆಯ ಕೆಲಸ ಹಿಂದಿನ ಚಕ್ರಗಳನ್ನು ಗಾಳಿಯ ಬಲದಿಂದ ನೆಲಕ್ಕೆ ಅದುಮುವುದು. ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇದ್ದದ್ದು 10 ಕಿ.ಮೀ.ಗೆ ಇಳಿದಾಗ ನೂರರಲ್ಲಿ ಒಂದು ಪಾಲು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದರ ಮೇಲೊಂದು ಪಾರಿವಾಳ ಕೂತರೆ ಹೆಚ್ಚು ಪ್ರಯೋಜನ. ಅಂದಹಾಗೆ, ಸ್ವಿಫ್ಟನ್ನು ಎಳೆಯುವುದು ಮುಂದಿನ ಚಕ್ರಗಳು. ರೆಕ್ಕೆಗೆ ಇದನ್ನು ಯಾರೂ ಹೇಳಿದಂತಿಲ್ಲ.

ಆಮೇಲೆ ಕಾರನ್ನು ತಗ್ಗಿಸಬೇಕು. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಎತ್ತರ, 163 ಮಿ.ಮೀ. ಅಷ್ಟೆತ್ತರ ಮರ್ಯಾದಸ್ಥರಿಗೆ ಒಪ್ಪುವುದಿಲ್ಲ. 25-30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಕೊನೆಗೆ ವೀಲ್ ಅಲೈನ್‌ಮೆಂಟ್: ಇದು ಖರ್ಚಿನ ದಾರಿ. ಇನ್ನೊಂದು ಗ್ರೈಂಡರ್ ದಾರಿ. ಇರುವ ಸ್ಪ್ರಿಂಗಿನದೇ ಒಂದೂವರೆ ಸುತ್ತು ಕತ್ತರಿಸುವುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸು. ಶಾಕ್ ಅಬ್ಸಾರ್ಬರಿಗೆ ಆಡಲು ಜಾಗವಿಲ್ಲದೆ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ಕುಟ್ಟಿ ಕುಟ್ಟಿ ಎಣ್ಣೆ ಕಾರಿಕೊಳ್ಳುತ್ತದೆ, ಟೈರು ಒಳಬದಿಯಲ್ಲಿ ಸವೆಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಎಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳಲ್ಲಿ ಹಂಪಿನ ಅಳತೆ ಲಾರಿಯಲ್ಲಿ ಉಳಿದ ಡಾಂಬರನ್ನು ಅವಲಂಬಿಸಿದೆ. ಹಾಗಾಗಿ ರೇಸ್ ಕಾರು ಅದನ್ನು ಏಡಿಯಂತೆ ಅಡ್ಡಡ್ಡ ದಾಟುತ್ತದೆ. ಹಿಂದೆ ಲಗೇಜ್ ಆಟೋ ಹಾರ್ನ್ ಹೊಡೆಯುತ್ತಿರುತ್ತದೆ.

ಅಲಾಯ್ ಚಕ್ರದ ವಿಷಯಕ್ಕೆ ಬನ್ನಿ. ಟೈರಿನ ಅಳತೆಯಲ್ಲಿ ಮೊದಲ ಅಂಕಿ ಅಗಲ (ಮಿ.ಮೀ.), ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟೈರಿನ ಗೋಡೆಯ ಎತ್ತರ ಎಂಬುದು, ಕೊನೆಯದು ರಿಮ್ಮಿನ ಇಂಚು. ಮೂಲ ಟೈರು 185/65 ಆರ್15 ಆಗಿದ್ದರೆ 195/55 ಆರ್16 ಹಾಕಬಹುದು. ಹೊರವ್ಯಾಸ ಎರಡರದೂ ಸುಮಾರು 621 ಮಿ.ಮೀ., ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಗಿರಾಕಿಗೆ ಬೇಕಾದ್ದು 17 ಇಂಚು, 205/45. ಟೈರಿನ ಗೋಡೆ 120 ಮಿ.ಮೀ.ನಿಂದ 92ಕ್ಕೆ ಇಳಿಯುತ್ತದೆ. ಹೊಂಡದ ಏಟು ನೇರ ರಿಮ್ಮಿಗೇ. ಚಕ್ರ ಕೂರುವ ಹಬ್ ಎಂಬ ನಡುಭಾಗದ ಅಳತೆ 54.1 ಮಿ.ಮೀ., ಎಲ್ಲ ಕಾರಿಗೂ ಆಗಲೆಂದು ಮಾಡಿದ ಅಲಾಯಿನ ನಡುತೂತು 73.1. ನಡುವೆ ಬಳೆಯಂಥ ಒಂದು ಹಬ್ ರಿಂಗ್ ಕೂರಿಸದಿದ್ದರೆ ವೇಗ 80 ದಾಟಿದೊಡನೆ ಸ್ಟೀರಿಂಗಿಗೆ ಚಳಿಜ್ವರ. ಮೂರು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಇಳಿಯುವುದಿಲ್ಲ, ಏಕೆಂದರೆ ರೋಗ ಅಲ್ಲಿಲ್ಲ.

ಅಲಾಯಿನ ಸಂದಿಯಲ್ಲಿ ಕೆಂಪಗೆ ಕಾಣುವುದು ರೇಸಿಂಗ್ ಬ್ರೇಕಲ್ಲ, ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕವರ್. ಪ್ಲಾಸ್ಟಿಕ್ಕಿನದು, ಅಂಟಿಸಿದ್ದು. ಒಳಗಿನ ಪ್ಯಾಡ್ ಸವೆದು 3 ಮಿ.ಮೀ. ಉಳಿದಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ರೇಕ್ ಆಯಿಲ್ ತೇವ ಹೀರಿಕೊಂಡು ಕಂದಿರುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಕಾದು ಆ ತೇವ ಆವಿಯಾದರೆ, ಬ್ರೇಕ್ ಹಿಡಿಯದೆ ಪೆಡಲ್ ನೆಲ ಮುಟ್ಟುತ್ತದೆ. ಒಳ್ಳೆಯ ಪ್ಯಾಡು, ಹೊಸ ಆಯಿಲ್ಲಿಗೆ ತಗಲುವ ಖರ್ಚು ರೆಕ್ಕೆಯದಕ್ಕಿಂತ ಹೆಚ್ಚೇನಿಲ್ಲ. ಹೊರಗೆ ಕಾಣುವುದಿಲ್ಲ, ಅದೊಂದೇ ಅದರ ತಪ್ಪು.

ಹೆಡ್‌ಲೈಟಿನ 60/55 ವ್ಯಾಟಿನ ಬಲ್ಬ್ ತೆಗೆದು 100/90 ಹಾಕಿ, ಹೆಚ್ಚಿನ ಕರೆಂಟನ್ನು ಹೊರುವ ರಿಲೇ ಸ್ವಿಚ್ಚು ಮರೆತವರಿಗೆ ಹೋಲ್ಡರ್ ಕರಗುವ ವಾಸನೆಯೇ ಸೂಚನೆ. ಎದುರಿನಿಂದ ಬರುವವನಿಗೆ ಸೂಚನೆಯೂ ಇಲ್ಲ, ಕಣ್ಣು ಕುಕ್ಕಿ ಕತ್ತಲು ಮಾತ್ರ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಿವಿ ಕಿತ್ತುಹೋಗುವ ಸೈಲೆನ್ಸರ್ ಅಂಗಡಿಯಲ್ಲಿ ತೂಗಾಡುವಾಗ ಸರಕು, ಜಿಎಸ್‌ಟಿ ಬಿಲ್ಲೂ ಉಂಟು. ಮೆಟ್ಟಿಲಿಳಿದು ಕಾರಿಗೆ ಹತ್ತಿತೋ, ಅಪರಾಧ. ಮಾರಿದವನಿಂದ ತೆರಿಗೆ, ಕೊಂಡವನಿಂದ ದಂಡ. ಖಜಾನೆಗೆ ಎರಡೂ ಕೈಯಲ್ಲಿ ಲಾಡು.

ಹಿಡಿದ ಸೈಲೆನ್ಸರುಗಳನ್ನು ಪೊಲೀಸರು ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ಕ್ಯಾಮೆರಾದವರು ಬಂದ ಮೇಲೆ ರೋಡ್ ರೋಲರ್ ಹರಿಸುತ್ತಾರೆ. ಹೊಂಡ ಮುಚ್ಚಲು ಕರೆದಾಗ ಕೆಟ್ಟು ನಿಂತಿದೆ ಎನ್ನುತ್ತಿದ್ದ ರೋಲರ್ ಅಂದು ಬೆಳಗ್ಗೆ ಎಂಟಕ್ಕೇ ಹಾಜರು.