ಕಳೆದುಹೋದ ಸೋಮವಾರ ರಾತ್ರಿ

ಭಾಗಾಕಾರದಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದೇ ಮುಳುವಾಯಿತು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಟೋಕಿಯೋಗೆ ಸುಮಾರು 8,200 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900. ಭಾಗಿಸಿದರೆ ಒಂಬತ್ತು ಗಂಟೆ ಚಿಲ್ಲರೆ. ಸೋಮವಾರ ಮಧ್ಯಾಹ್ನ 1ಕ್ಕೆ ಹೊರಟರೆ ರಾತ್ರಿ ಹತ್ತಕ್ಕೆಲ್ಲ ಇಳಿದಿರುತ್ತೇನೆ ಎಂದು ಅವತ್ತು ರಾತ್ರಿಗೇ ಹೋಟೆಲ್ ರೂಮು ಬುಕ್ ಮಾಡಿಬಿಟ್ಟೆ. ಟಿಕೆಟ್ಟಿನಲ್ಲಿ 11 ಗಂಟೆ ಎಂದಿತ್ತು. ಭಾಗಾಕಾರ ಬಾರದವರು ಬರೆದಿರಬೇಕು ಅಂದುಕೊಂಡೆ. ಇಳಿಯುವ ವೇಳೆಯ ಪಕ್ಕದಲ್ಲಿ ಸಣ್ಣಗೆ '+1' ಅಂತಲೂ ಇತ್ತು. ಇನ್ನೊಂದು ಬ್ಯಾಗ್ ಒಯ್ಯಬಹುದೇನೋ ಅಂತ ಖುಷಿಪಟ್ಟೆ.

ಹಾರಿದ ಮೇಲೆ ಮುಂದಿನ ಪರದೆಯ ನಕ್ಷೆ ನೋಡಿದರೆ ಎದೆ ಧಸಕ್ಕೆಂದಿತು. ಪಶ್ಚಿಮಕ್ಕೆ ಹೋಗಬೇಕಾದ ವಿಮಾನ ಅಲಾಸ್ಕಾದ ಕಡೆ ವಾಲುತ್ತಿದೆ! ಪಕ್ಕದ ಸೀಟಿನ ಅಜ್ಜಿಗೆ ಹೇಳಿದೆ. ಅವರು ಮಾತಾಡಲಿಲ್ಲ, ಇಯರ್‌ಫೋನಿನ ವೈರನ್ನು ಬಿಡಿಸಿ, ಗೊರಕೆ ಹೊಡೆಯುತ್ತಿದ್ದ ಗಂಡನ ಬೋಳುತಲೆಯ ಮೇಲೆ ಒಂದು ಕಿವಿಗಿಂತ ನಾಲ್ಕು ಬೆರಳು ಮೇಲಿನಿಂದ ಇನ್ನೊಂದು ಕಿವಿಗಿಂತ ನಾಲ್ಕು ಬೆರಳು ಮೇಲಕ್ಕೆ, ನೆತ್ತಿಯ ಮೇಲಿಂದ ಹಾಯಿಸಿದರು. ಆಮೇಲೆ ಅಷ್ಟೇ ಉದ್ದದ ವೈರನ್ನು ಅದೇ ಎತ್ತರದಲ್ಲಿ ಹಿಂದಲೆಯ ಸುತ್ತ ಬಳಸಿ ತಂದರು. ಸಾಲಲಿಲ್ಲ. ದುಂಡು ಭೂಮಿಯ ಮೇಲೂ ಹಾಗೆಯೇ, ನೆತ್ತಿಯ ಕಡೆ, ಅಂದರೆ ಉತ್ತರ ಧ್ರುವದ ಕಡೆ, ಬಾಗಿದ ದಾರಿಯೇ ಹತ್ತಿರದ್ದು. ಚಪ್ಪಟೆ ನಕ್ಷೆಗೆ ಮಾತ್ರ ಅದು ಸೊಟ್ಟ. ಪಾಪ, ಗಂಡನಿಗೆ ಎಚ್ಚರವೂ ಆಗಲಿಲ್ಲ. ಅಭ್ಯಾಸವಿತ್ತೇನೋ.

ಆದರೂ ವೇಗ 820 ತೋರಿಸುತ್ತಿತ್ತಲ್ಲ! ಅದು ಎದುರುಗಾಳಿಯ ಕೆಲಸ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯದೊಂದು ಹೊಳೆಯೇ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅಂತ. ಅದರ ಜೊತೆ ಹೋದವರಿಗೆ ಹಬ್ಬ. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಬಿಟ್ಟ ವಿಮಾನವೊಂದು ಐದು ಗಂಟೆಯೊಳಗೆ ಲಂಡನ್ ಮುಟ್ಟಿತ್ತು. ಸಾಮಾನ್ಯವಾಗಿ ಆರು-ಏಳು ಗಂಟೆಯ ಹಾದಿ ಅದು. ನಾನು ಹೊಳೆಗೆ ಎದುರಾಗಿ ಹೊರಟಿದ್ದೆ.

ಜೂನ್ ತಿಂಗಳು. ಸೂರ್ಯನ ಬೆನ್ನು ಹತ್ತಿದ್ದರಿಂದ ದಾರಿಯುದ್ದಕ್ಕೂ ಬಿಸಿಲು, ಕತ್ತಲೆಯೇ ಆಗಲಿಲ್ಲ. ಇಳಿದಾಗಲೂ ಸಂಜೆ ನಾಲ್ಕರ ಬೆಳಕು. ಗೆದ್ದೆ ಎಂದುಕೊಂಡು ಹೋಟೆಲಿಗೆ ಹೋದೆ.

"ನಿಮ್ಮ ಬುಕಿಂಗ್ ನಿನ್ನೆ ರಾತ್ರಿಗಿತ್ತು ಸಾರ್. ನೀವು ಬರಲಿಲ್ಲ," ಎಂದಳು ಕೌಂಟರಿನ ಹುಡುಗಿ.

"ನಿನ್ನೆ ರಾತ್ರಿಯೇ ನನಗೆ ಬರಲಿಲ್ಲವಲ್ಲಮ್ಮ!"

ಅವಳು ಸುಮ್ಮನೆ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಮಂಗಳವಾರ. ಟಿಕೆಟ್ಟಿನ '+1' ಅಂದರೆ ಮರುದಿನ ಅಂತ! ಪೆಸಿಫಿಕ್ ಸಾಗರದ ನಡುವೆ ದಿನರೇಖೆ ಅಂತ ಒಂದು ಗೆರೆ ಎಳೆದಿದ್ದಾರೆ, ಪಶ್ಚಿಮಕ್ಕೆ ದಾಟಿದರೆ ತಾರೀಖು ಒಂದು ದಿನ ಮುಂದಕ್ಕೆ, ಪೂರ್ವಕ್ಕೆ ದಾಟಿದರೆ ಒಂದು ದಿನ ಹಿಂದಕ್ಕೆ. ಅದನ್ನು ದಾಟುವಾಗ ನಾನು ನಿದ್ದೆಯನ್ನಂತೂ ಮಾಡುತ್ತಿರಲಿಲ್ಲ. ಬಹುಶಃ ಆ ಬೋಳುತಲೆ ನೋಡುತ್ತಿದ್ದೆ.

ಹಿಂದಿರುಗುವಾಗ ಅಣ್ಣನ ಮಗಳಿಗೆ ಮೆಸೇಜ್ ಹಾಕಿದೆ: ಶನಿವಾರ ಸಂಜೆ 5ಕ್ಕೆ ಹೊರಟು, ಶನಿವಾರ ಬೆಳಿಗ್ಗೆ 10:30ಕ್ಕೆ ಬರುತ್ತೇನೆ.

"ಚಿಕ್ಕಪ್ಪಾ, ಹೊರಡೋಕೆ ಮುಂಚೆನೇ ಬಂದ್ಬಿಡ್ತೀರಾ?"

ಬಂದೆ. ಕಳೆದುಹೋಗಿದ್ದ ದಿನ ಪೂರ್ತಿ ವಾಪಸ್ ಸಿಕ್ಕಿತು. ಆ ಸೋಮವಾರ ರಾತ್ರಿಯ ರೂಮಿನ ಬಾಡಿಗೆ ಮಾತ್ರ ಇನ್ನೂ ದಿನರೇಖೆಯ ಆಚೆಗೇ ಇದೆ.