ಡೆಂಗ್ಯೂ ಬಂದು ಕಳೆ ಬಂತು

ಇವತ್ತು ಬೆಳಿಗ್ಗೆ ಒಂದು ಕೈಯಲ್ಲಿ ಮಗನ ಸಾಕ್ಸು, ಇನ್ನೊಂದು ಕೈಯಲ್ಲಿ ಚಟ್ನಿ ಜಾರು ಹಿಡ್ಕೊಂಡು ಕುಕ್ಕರ್ ಮೂರನೇ ವಿಶಲ್‌ಗೆ ಕಾಯ್ತಾ ನಿಂತಿದ್ದೆ, ಕೆಳಗಡೆ ಮನೆ ಅಂಕಲ್ ಕಾಂಪೌಂಡಿಂದ ಕೂಗಿದ್ರು. "ಒಂದ್ನಿಮಿಷ ಕೆಳಗ್ ಬಾಮ್ಮಾ!" ಸಂಪ್ ತುಂಬಿ ಹರೀತಿದ್ಯೋ ಏನೋ ಅಂತ ಓಡಿದ್ರೆ ಅಲ್ಲಿ ಯಾರೋ ಗೊತ್ತಿಲ್ಲದ ಗಂಡಸೊಬ್ರು ನಿಂತಿದ್ರು. ಸೀರೆ ಅಂಗಡಿಯವರು ಗೊಂಬೆ ಮೇಲಿರೋ ಸೀರೆ ತೋರಿಸೋ ಥರ ಅಂಕಲ್ ನನ್ನ ಕಡೆ ಕೈ ಮಾಡಿ "ಇವ್ರೇ ನೋಡಿ. ಪ್ಲೇಟ್‌ಲೆಟ್ಟು ಅರವತ್ತೆರಡು ಸಾವಿರಕ್ಕೆ ಇಳಿದೋಗಿತ್ತು. ಈಗ ಹೆಂಗಿದಾರೆ ನೋಡಿ!" ಅಂದ್ರು. ಆ ಮನುಷ್ಯ ನನ್ನ ತಲೆಯಿಂದ ಕಾಲವರೆಗೂ ನೋಡಿ "ಹೌದು ಸಾರ್, ಒಳ್ಳೆ ಕಳೆ ಇದೆ" ಅಂದ್ರು. ಮೇಲೆ ಕುಕ್ಕರ್ ಐದನೇ ವಿಶಲ್ ಹೊಡೀತು.

ಕಳೆ ಇರೋದು ನಿಜ, ಅದೇ ತಲೆನೋವು. ಡೆಂಗ್ಯೂ ಆದೋರು ತಿಂಗಳುಗಟ್ಟಲೆ ಸುಸ್ತು ಸುಸ್ತು ಅಂತಾರೆ, ನಮ್ಮ ಆಫೀಸಲ್ಲಿ ಒಬ್ರು ಎರಡು ತಿಂಗಳಾದ್ರೂ ಒಂದು ಮಹಡಿ ಹತ್ತೋಕೆ ಮಧ್ಯದಲ್ಲಿ ನಿಂತು ಯಾರಿಗೋ ಫೋನ್ ಮಾಡೋ ನಾಟಕ ಆಡ್ತಿದ್ರು. ನಂಗೂ ಮೊದಲ ಎರಡು ವಾರ ಬಚ್ಚಲಿಗೆ ಹೋಗಿ ಬಂದ್ರೆ ಅರ್ಧ ಗಂಟೆ ಮಲಗಬೇಕಿತ್ತು. ಆಮೇಲೆ ಏನಾಯ್ತೋ ಗೊತ್ತಿಲ್ಲ. ಒಂದಿನ ಎದ್ದೆ, ಸೊಂಟ ನೋವಿಲ್ಲ. ಎದೆ ಉರಿ ಇಲ್ಲ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನುಂಗ್ತಿದ್ದ ಗ್ಯಾಸ್ಟ್ರಿಕ್ ಮಾತ್ರೆ ಹದಿನೈದು ದಿನದಿಂದ ಮುಟ್ಟೇ ಇಲ್ಲ ಅಂತ ಆಗ ಹೊಳೀತು. ತೂಕ 68 ಇದ್ದಿದ್ದು 63. ವರಮಹಾಲಕ್ಷ್ಮಿ ಹಬ್ಬಕ್ಕೆ ಮದುವೆ ಟೈಮಿನ ಬ್ಲೌಸು ಹಾಕ್ಕೊಂಡೆ, ಹುಕ್ಕು ಹಾಕೋಕೆ ಯಾರನ್ನೂ ಸಹಾಯಕ್ಕೆ ಕರೀಲಿಲ್ಲ. ಕುಂಕುಮಕ್ಕೆ ಬಂದೋರೆಲ್ಲ ತಾಂಬೂಲ ತಗೊಳ್ಳೋಕೆ ಮುಂಚೇನೇ "ಯಾವ ಡಯಟ್ಟು?" ಅಂದ್ರು. ಡೆಂಗ್ಯೂ ಅಂದ್ರೆ "ಹೇಳೋಕಿಷ್ಟ ಇಲ್ದಿದ್ರೆ ಬಿಡಿ" ಅಂತ ಮುಖ ತಿರುಗಿಸಿದ್ರು.

ಕಾಯಿಲೆಯಲ್ಲೇನೂ ಕಲಬೆರಕೆ ಇರ್ಲಿಲ್ಲ ಕಣ್ರೀ. ಆಷಾಢದ ಮಳೆ ಶುರುವಾಗಿತ್ತು, 103 ಜ್ವರ, ಕಣ್ಣುಗುಡ್ಡೆ ಹಿಂದೆ ಯಾರೋ ಕೂತು ಒತ್ತಿದ ಹಾಗೆ ನೋವು, ಮೈಯೆಲ್ಲ ಒನಕೆಲಿ ಕುಟ್ಟಿದ ಹಾಗೆ. ಡೆಂಗ್ಯೂ ಪತ್ತೆ ಮಾಡೋ ಎನ್‌ಎಸ್‌1 ಟೆಸ್ಟು ಪಾಸಿಟಿವ್. ಡಾಕ್ಟ್ರು ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೇನೂ ಮುಟ್ಟಬೇಡಿ, ನೀರು ಗಂಜಿ ಎಳನೀರು ಕುಡೀರಿ, ಮಲಗಿ, ಅಂದ್ರು. ಐದನೇ ದಿನ ಜ್ವರ ಬಿಡ್ತು, ಮುಗೀತಪ್ಪ ಅಂತ ಖುಷಿಪಟ್ಟೆ, ಡಾಕ್ಟ್ರು ಮಾತ್ರ ಜ್ವರ ಬಿಟ್ಟ ಮೇಲಿನ ಎರಡು ದಿನಾನೇ ಹುಷಾರಾಗಿರಬೇಕು ಅಂದ್ರು. ಸರಿ ಇತ್ತು ಅವರು ಹೇಳಿದ್ದು. ಕನಿಷ್ಠ ಒಂದೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್ಟು ಒಂದು ಲಕ್ಷ ಹತ್ತು, ಎಂಬತ್ತನಾಲ್ಕು, ಅರವತ್ತೆರಡು ಅಂತ ಮೆಟ್ಟಿಲಿಳಿಯೋಕೆ ಶುರುವಾಯ್ತು. ಡಾಕ್ಟ್ರು ಗಾಬರಿಯಾಗ್ಲಿಲ್ಲ. ರಕ್ತಸ್ರಾವ ಇಲ್ಲ, ಹೊಟ್ಟೆನೋವಿಲ್ಲ, ತಾನಾಗೇ ಏರುತ್ತೆ, ಅಂದ್ರು.

ತಾನಾಗೇ ಏರುತ್ತೆ ಅನ್ನೋದನ್ನ ಅಂಕಲ್‌ಗೆ ಯಾರೂ ಹೇಳಿರ್ಲಿಲ್ಲ. ದಿನಾ ಸಂಜೆ ಲ್ಯಾಬ್ ರಿಪೋರ್ಟು ಮೊಬೈಲಿಗೆ ಬಂದ ತಕ್ಷಣ ಅದು ಹೆಂಗೆ ಗೊತ್ತಾಗ್ತಿತ್ತೋ, ಕೆಳಗಿಂದ "ಎಷ್ಟಮ್ಮಾ ಇವತ್ತು?" ಅಂತ ಅಡಿಕೆ ಧಾರಣೆ ಕೇಳೋರ ಥರ ಕೂಗೋರು. ನಮ್ಮನೆಯವರು ಹೇಳಿದ ನಂಬರನ್ನ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲೇ ಕೆಂಪು ಇಂಕಲ್ಲಿ ಬರ್ಕೊಳೋರು. ಈಗ್ಲೂ ಇದೆ ಅದು, ಬಾಡಿಗೆ ಕೊಡೋಕೆ ಹೋದಾಗ ನೋಡಿದೆ: "1 ಲೀ, 62000". ಹ್ಞಾಂ, ಹೇಳೋದು ಮರೆತೆ, ಅಂಕಲ್ ಬರೀ ಅಂಕಲ್ ಅಲ್ಲ, ಮನೆ ಓನರ್ರು. ಹಾಗಾಗಿ ಎಂಬತ್ತನಾಲ್ಕಕ್ಕೆ ಇಳಿದ ದಿನ ತಮ್ಮ ಕಾಂಪೌಂಡಿನ ಪರಂಗಿ ಗಿಡದ ಎಲೆ ಕಿತ್ತು ಮಿಕ್ಸಿಗೆ ಹಾಕಿ ಬಟ್ಟೇಲಿ ಸೋಸಿ, ದೊಡ್ಡ ಸ್ಟೀಲ್ ಲೋಟದ ತುಂಬ ಕಡುಹಸಿರು ರಸ ತಂದು ಬಾಗಿಲಲ್ಲಿ ನಿಂತಾಗ ಬೇಡ ಅನ್ನೋ ಧೈರ್ಯ ನಮ್ಮನೇಲಿ ಯಾರಿಗೂ ಇರ್ಲಿಲ್ಲ. ಮುಂದಿನ ತಿಂಗಳೇ ಅಗ್ರಿಮೆಂಟ್ ರಿನ್ಯೂವಲ್ಲು.

"ಕಣ್ಮುಚ್ಕೊಂಡು ಎತ್ತಿಬಿಡಮ್ಮ, ಗೊತ್ತೇ ಆಗಲ್ಲ." ಎತ್ತಿದೆ. ಗೊತ್ತಾಯ್ತು. ಹಾಗಲಕಾಯಿಗೆ ಬೇವಿನ ಒಗ್ಗರಣೆ ಕೊಟ್ರೂ ಅಷ್ಟು ಕಹಿ ಇರಲ್ಲ. ಒಂದು ಗುಟುಕು ಒಳಗೆ ಹೋಗಿ, ತನ್ನ ಜೊತೆಗೆ ಬೆಳಿಗ್ಗೆ ಕುಡಿದ ಗಂಜೀನೂ ಕರ್ಕೊಂಡು ಆಚೆ ಬಂತು. ಮಾರನೇ ದಿನ ಮತ್ತೆ ಲೋಟ. ಅಂಕಲ್ ಕೆಳಗಿಳಿದ ಮೇಲೆ ಅಮ್ಮ ನನ್ನ ಮುಖ ನೋಡಿದ್ಲು, ನಾನು ಅಮ್ಮನ ಮುಖ ನೋಡಿದೆ, ಅಮ್ಮ ಲೋಟ ತಗೊಂಡು ಬಾಲ್ಕನಿಗೆ ಹೋಗಿ ಕರಿಬೇವಿನ ಪಾಟಿಗೆ ಸುರಿದು ಬಂದ್ಲು. ಆರು ದಿನ, ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಒಂಬತ್ತನೇ ದಿನ ಪ್ಲೇಟ್‌ಲೆಟ್ಟು ಒಂದು ಲಕ್ಷ ದಾಟ್ತು, ಆಮೇಲೆ ಒಂದು ಲಕ್ಷ ತೊಂಬತ್ತು. ಅಂಕಲ್ ಬೀದಿಗೆಲ್ಲ ಸಾರಿದ್ರು. ನಾನು ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಕರಿಬೇವಿನ ವಿಷಯ ಬರುತ್ತೆ.

ಇನ್ನೊಂದು ಕೇಳಿ. ಅದಾದ ವಾರಕ್ಕೆ ಆಶಾ ಕಾರ್ಯಕರ್ತೆ ಟಾರ್ಚ್ ಹಿಡ್ಕೊಂಡು ಡೆಂಗ್ಯೂ ಸೊಳ್ಳೆ ಲಾರ್ವಾ ನೋಡೋಕೆ ಬಂದ್ರು. ಫ್ರಿಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ ಎಲ್ಲ ನೋಡಿದ್ರು, ನಮ್ಮದು ಕ್ಲೀನು. ಈ ಸೊಳ್ಳೆಗೆ ಚರಂಡಿ ಬೇಡ್ವಂತೆ, ನಿಂತ ತಿಳಿನೀರೇ ಬೇಕಂತೆ, ಕಚ್ಚೋದೂ ಹಗಲು ಹೊತ್ತಲ್ಲೇ. ಕೊನೆಗೆ ಸಿಕ್ಕಿದ್ದೆಲ್ಲಿ? ಅಂಕಲ್ ಪರಂಗಿ ಗಿಡದ ಬುಡದಲ್ಲಿ ಬಿದ್ದಿದ್ದ ಒಡಕು ಬಕೆಟ್ಟಲ್ಲಿ. ಮಳೆ ನೀರಲ್ಲಿ ಹುಳಗಳು ಹಬ್ಬ ಮಾಡ್ತಿದ್ವು. 2024ರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ಇದಕ್ಕೆ ಸಿಟಿಯಲ್ಲಿ 400 ರೂಪಾಯಿ ದಂಡ ಇದೆ ಅಂತ ಆಕೆ ಹೇಳಿದ್ರು, ಅಂಕಲ್ ನಗ್ತಾ ಬಕೆಟ್ ಬೋರಲು ಹಾಕಿದ್ರು. ಕಾಯಿಲೇನೂ ಅದೇ ಗಿಡದ ಬುಡದಿಂದ, ಮದ್ದೂ ಅದೇ ಗಿಡದಿಂದ. ಎರಡಕ್ಕೂ ಡೆಲಿವರಿ ಚಾರ್ಜ್ ಇಲ್ಲ.

ನನ್ನ ಕೇಳಿದ್ರೆ ನಂಗೆ ವಾಸಿಯಾಗಿದ್ದು ಯಾವುದ್ರಿಂದ ಅಂತ ಹೇಳ್ತೀನಿ. ಇಪ್ಪತ್ತು ದಿನ ನಾನು ಐದೂಕಾಲಿಗೆ ಎದ್ದಿಲ್ಲ. ಒಂಬತ್ತು ಗಂಟೆಗೆ ಮಲಗಿದೀನಿ. ಕಣ್ಣು ನೋವು ಅಂತ ಮೊಬೈಲ್ ನೋಡಿಲ್ಲ, ಅಪಾರ್ಟ್‌ಮೆಂಟ್ ಖರೀದಿ ಮಾಡ್ತೀರಾ ಅಂತ ಕೇಳೋರ ಫೋನೂ ಎತ್ತಿಲ್ಲ. ದಿನಕ್ಕೆ ಐದು ಲೋಟ ಕಾಫಿ ಕುಡೀತಿದ್ದೋಳಿಗೆ ಡಿಕಾಕ್ಷನ್ ವಾಸನೆಗೇ ವಾಂತಿ ಬರ್ತಿತ್ತು, ಹಾಗಾಗಿ ಅದೂ ಬಂದ್. ಎಲ್ಲಕ್ಕಿಂತ ಹೆಚ್ಚಾಗಿ ಊಟ. ತಿಪಟೂರಿಂದ ಅಮ್ಮ ಗೋಣಿಚೀಲದಲ್ಲಿ ಹನ್ನೆರಡು ಎಳನೀರು ಹೊತ್ಕೊಂಡು ರೈಲಲ್ಲಿ ಬಂದಿದ್ಲು, ದಿನಾ ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ ಒಂದು ಹನಿ ತುಪ್ಪ ಬಿಟ್ಟು ತಾನೇ ಕಲೆಸಿ ತಟ್ಟೆ ಕೈಗೆ ಕೊಡ್ತಿದ್ಲು. ಬಿಸಿ ಇರುವಾಗ್ಲೇ, ಕೂತ್ಕೊಂಡು, ಮಧ್ಯದಲ್ಲಿ ಎದ್ದು ಯಾರಿಗೂ ಮೊಸರು ತಂದುಕೊಡದೆ ಊಟ ಮಾಡಿ ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕಿದೆ. ಬಾಣಂತನ ಆದ್ಮೇಲೆ ಇದೇ ಮೊದಲು. ಮಗನಿಗೀಗ ಹನ್ನೊಂದು.

ಒಂದಿನ ತಟ್ಟೆ ವಾಪಸ್ ಕೊಡುವಾಗ "ನಿಂಗೆ ಚಿಕೂನ್‌ಗುನ್ಯಾ ಆದಾಗ ಯಾರಮ್ಮ ಮಾಡಿಹಾಕಿದ್ರು?" ಅಂತ ಕೇಳಿದೆ. 2006ರಲ್ಲಿ ನಮ್ಮ ಕಡೆ ಊರಿಗೂರೇ ಕಾಲು ಎಳೀತಿತ್ತಲ್ಲ, ಆಗ. ನಾನು ಹಾಸ್ಟೆಲಲ್ಲಿದ್ದೆ, ಪರೀಕ್ಷೆ ಅಂತ ಹೋಗಿರ್ಲಿಲ್ಲ. "ಯಾರ್ ಮಾಡ್ತಾರೆ? ಗೋಡೆ ಹಿಡ್ಕೊಂಡು ಹೋಗಿ ಅನ್ನಕ್ಕಿಡ್ತಿದ್ದೆ. ಪಾತ್ರೆ ಇಳಿಸೋಕೆ ಮಾತ್ರ ಬೆರಳು ಮಡಚ್ತಿರ್ಲಿಲ್ಲ, ನಿಮ್ಮಪ್ಪನ್ನ ಕೂಗ್ತಿದ್ದೆ" ಅಂದ್ಲು. ಹೇಳಿ ಎಂಜಲು ತಟ್ಟೆ ತಗೊಂಡು ಒಳಗೆ ಹೋದ್ಲು. ಅವತ್ತು ಸಂಜೆ ತಟ್ಟೆ ತೊಳೆಯೋಕೆ ಎದ್ದೆ ನಾನು, ಬೈದು ಮಲಗಿಸಿದ್ಲು.

ಅಮ್ಮ ಊರಿಗೆ ಹೋಗಿ ಮೂರು ವಾರ ಆಯ್ತು. "ಈಗ ಚೆನ್ನಾಗೇ ಇದೀಯಲ್ಲ" ಅನ್ನೋದು ಮನೇಲಿ ಎಲ್ಲರ ಬಾಯಲ್ಲಿ, ಅಂದ್ರೆ ಅರ್ಥ ಆಯ್ತಲ್ಲ, ಎದ್ದೇಳು ಅಂತ. ಮಲಗಿದ್ದಾಗ ಕುಕ್ಕರ್ ಗ್ಯಾಸ್ಕೆಟ್ ಹಾಕೋದು ಕಲಿತಿದ್ದ ನಮ್ಮನೆಯವರು ಅದನ್ನ ನಾನು ಎದ್ದ ದಿನಾನೇ ಮರೆತರು. ಕಾಫಿ ಮೂರಕ್ಕೆ ಬಂದಿದೆ. ತೂಕ 64. ನಿನ್ನೆ ರಾತ್ರಿ ಎದೆ ಸ್ವಲ್ಪ ಉರೀತು, ಗ್ಯಾಸ್ಟ್ರಿಕ್ ಮಾತ್ರೆ ಶೀಟ್ ಹುಡುಕಿ ಎದುರಿಗಿಟ್ಕೊಂಡು ಅದನ್ನೇ ನೋಡ್ತಾ ಕೂತಿದ್ದೆ. ಡೆಂಗ್ಯೂನಲ್ಲಿ ನಾಲ್ಕು ಥರ ಇದೆ, ಒಂದು ಥರ ಬಂದೋರಿಗೆ ಅದೇ ಮತ್ತೆ ಬರಲ್ಲ ಅಂತ ಡಾಕ್ಟ್ರು ಹೇಳಿದ್ದು ನೆನಪಾಯ್ತು. ಅಂದ್ರೆ ಇನ್ನೂ ಮೂರು ರಜಾ ಬಾಕಿ ಇದೆ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಎರಡನೇ ಸಲ ಬೇರೆ ಥರದ್ದು ಬಂದ್ರೆ ಇನ್ನೂ ಜೋರಾಗಬಹುದು ಅಂತಾನೂ ಅವರೇ ಹೇಳಿದ್ರು. ಬೇಡಪ್ಪ.

ಬೆಳಿಗ್ಗೆ ಬಂದಿದ್ದವರ ಮಗಳಿಗೆ ಜ್ವರವಂತೆ, ಎಪ್ಪತ್ತು ಸಾವಿರವಂತೆ. "ಎಷ್ಟು ದಿನ ಕುಡಿದ್ರಿ ಮೇಡಂ?" ಅಂತ ಕೇಳಿದ್ರು. ಅಂಕಲ್ ನನ್ನೇ ನೋಡ್ತಿದ್ರು. "ಆರು ದಿನ ಹಾಕಿದ್ವಿ" ಅಂದೆ. ಸುಳ್ಳು ಹೇಳಿಲ್ಲ ಗಮನಿಸಿ. ಆಮೇಲೆ ಡಾಕ್ಟ್ರನ್ನ ಬಿಡಬೇಡಿ, ದಿನಾ ಕೌಂಟ್ ಮಾಡ್ಸಿ, ನೀರು ಕುಡಿಸ್ತಾ ಇರಿ, ಹೊಟ್ಟೆನೋವು ವಾಂತಿ ಅಂದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಓಡಿ, ಅಂತ ಒಂದೇ ಉಸಿರಲ್ಲಿ ಹೇಳಿದೆ. "ಅದೂ ಬೇಕು, ಅದೂ ಬೇಕು" ಅಂತ ಅಂಕಲ್ ತಲೆ ಆಡಿಸಿದ್ರು.

ನಾನು ಮೆಟ್ಟಿಲು ಹತ್ತೋಕೆ ತಿರುಗಿದೆ. ಅಂಕಲ್ ತಲೆ ಎತ್ತಿ ನಮ್ಮ ಬಾಲ್ಕನಿ ನೋಡಿದ್ರು.

"ಏನಮ್ಮಾ, ಕರಿಬೇವು ಈ ಪಾಟಿ ಚಿಗುರಿದೆ? ನಮ್ದು ಒಂದೆಲೆ ಬಿಡ್ತಿಲ್ಲ. ಏನ್ ಹಾಕ್ತೀಯಾ?"

"ಹುಳಿ ಮಜ್ಜಿಗೆ ಅಂಕಲ್" ಅಂದೆ.